ನಾಯಿಮರಿಗೆ ಕೊಟ್ಟ ಅಡ್ವಾನ್ಸ್, ಕೈ ಎತ್ತಿದ ಬ್ರೀಡರ್: ಇಂಗ್ಲೆಂಡಿನಲ್ಲಿರುವ ನಮ್ಮ ಕಡೆಯವರಿಗೆ

ದುಡ್ಡು ಹೇಗೆ ಕೊಟ್ಟಿರಿ? ಎಲ್ಲಕ್ಕಿಂತ ಮೊದಲು ಇದನ್ನು ನೋಡಿ. ಬ್ರೀಡರ್ (ನಾಯಿ ಸಾಕಿ ಮರಿ ಮಾರುವವರು) ಜೊತೆ ವಾದ ಮಾಡುವುದು ಆಮೇಲೆ.

ನಾನು ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಈಗ ಬಳ್ಳಾರಿಗೆ ವಾಪಸ್ ಬಂದಿದ್ದೇನೆ. ಅಲ್ಲಿರುವ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆಯವರು ಇಂಥ ವಿಷಯಕ್ಕೆ ಈಗಲೂ ಫೋನ್ ಮಾಡುತ್ತಾರೆ. ಮಕ್ಕಳು ಹಟ ಹಿಡಿದರು ಅಂತ ಲ್ಯಾಬ್ರಡಾರ್ ಮರಿಗೆ ಅಡ್ವಾನ್ಸ್ ಕೊಟ್ಟಿರುತ್ತಾರೆ, ಮರಿ ಮನೆಗೆ ಬರುವ ವಾರ ಹತ್ತಿರ ಬಂದಾಗ 'ವ್ಯವಹಾರ ನಿಂತುಹೋಗಿದೆ, ದುಡ್ಡಿಲ್ಲ' ಅಂತ ಬ್ರೀಡರ್‌ನಿಂದ ಒಂದು ಮೆಸೇಜ್ ಬರುತ್ತದೆ. ಪಾಪ, ಅವರೂ ಕಷ್ಟದಲ್ಲಿದ್ದಾರೆ ಅಂತ ನಮ್ಮವರು ಸುಮ್ಮನಾಗುತ್ತಾರೆ. ಕನಿಕರ ಇರಲಿ, ತಪ್ಪಲ್ಲ. ಆದರೆ ಮುಳುಗುತ್ತಿರುವ ವ್ಯವಹಾರದಲ್ಲಿ ತಡ ಮಾಡಿದಷ್ಟೂ ನಿಮ್ಮ ಪಾಲು ಕರಗುತ್ತದೆ, ಅದಕ್ಕೇ ಇವತ್ತೇ ಶುರು ಮಾಡಿ ಅನ್ನುತ್ತೇನೆ.

ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ನೀವು ಗಟ್ಟಿ ಜಾಗದಲ್ಲಿದ್ದೀರಿ. 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್‌ನ 75ನೇ ಸೆಕ್ಷನ್ ಪ್ರಕಾರ, ಮಾರಿದವರು ಮಾತು ತಪ್ಪಿದರೆ ಕಾರ್ಡ್ ಕೊಟ್ಟ ಬ್ಯಾಂಕಿಗೂ ಅಷ್ಟೇ ಹೊಣೆ. ಮರಿಯ ಬೆಲೆ 100 ಪೌಂಡಿಗಿಂತ ಜಾಸ್ತಿ, 30,000 ಪೌಂಡಿನ ಒಳಗೆ ಇರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಮರಿಯ ಪೂರ್ತಿ ಬೆಲೆ, ನೀವು ಕೊಟ್ಟ ಅಡ್ವಾನ್ಸ್ ಅಲ್ಲ. ಅಂದರೆ ಬರೀ 50 ಪೌಂಡ್ ಕಾರ್ಡಿನಲ್ಲಿ ಕೊಟ್ಟು, ಉಳಿದದ್ದನ್ನು ಬೇರೆ ದಾರಿಯಲ್ಲಿ ಕೊಟ್ಟಿದ್ದರೂ ಈ ಕಾನೂನು ನಿಮಗೆ ಸಿಗುತ್ತದೆ. ಬ್ರೀಡರ್ ದಿವಾಳಿಯಾದರೂ ಬ್ಯಾಂಕ್ ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ, ಇದರ ನಿಜವಾದ ಬೆಲೆ ಇರುವುದು ಅಲ್ಲೇ. ಆದರೆ ಪೇಪಾಲ್ ಥರದ ಮಧ್ಯವರ್ತಿ ಮೂಲಕ ಕೊಟ್ಟಿದ್ದರೆ ಈ ಹಕ್ಕು ತಪ್ಪಿಹೋಗಬಹುದು.

ಡೆಬಿಟ್ ಕಾರ್ಡಾದರೆ ಬ್ಯಾಂಕಿಗೆ 'ಚಾರ್ಜ್‌ಬ್ಯಾಕ್' ಬೇಕು, ಅಂದರೆ ಕಾರ್ಡಿನಲ್ಲಿ ಕೊಟ್ಟ ದುಡ್ಡನ್ನು ಮಾರಿದವರಿಂದ ವಾಪಸ್ ತರಿಸಿಕೊಡಿ ಅಂತ ಹೇಳಿ. ಇದು ಕಾನೂನಲ್ಲ, ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ನಿಯಮ. ಸಾಮಾನ್ಯವಾಗಿ 120 ದಿನಗಳ ಗಡುವು ಇರುತ್ತದೆ. ಬ್ಯಾಂಕ್ ಆಗಲ್ಲ ಅಂದರೆ, ಅಥವಾ ದೂರು ಕೊಟ್ಟು 8 ವಾರ ಆದರೂ ಉತ್ತರ ಕೊಡದಿದ್ದರೆ ಫೈನಾನ್ಶಿಯಲ್ ಒಂಬಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆ) ಹತ್ತಿರ ಹೋಗಿ. ಅಲ್ಲಿ ಫೀಸ್ ಇಲ್ಲ. ಬ್ಯಾಂಕಿನ ಕೊನೆಯ ಉತ್ತರ ಬಂದಿದ್ದರೆ ಆ ದಿನದಿಂದ 6 ತಿಂಗಳ ಒಳಗೆ ಹೋಗಬೇಕು.

ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದವರಿಗೆ ಕಷ್ಟ ಜಾಸ್ತಿ. ಬ್ರೀಡರ್ ಅನ್ನುವವರೇ ಇರಲಿಲ್ಲ, ಫೋಟೋ ತೋರಿಸಿ ಮೋಸ ಮಾಡಿದರು ಅನ್ನುವುದಾದರೆ 2024ರ ಅಕ್ಟೋಬರ್ 7ರಿಂದ ಬಂದ ನಿಯಮದ ಪ್ರಕಾರ ಬ್ಯಾಂಕಿನಿಂದ ದುಡ್ಡು ವಾಪಸ್ ಕೇಳಬಹುದು. ನಿಜವಾದ ಬ್ರೀಡರ್ ನಿಜವಾಗಿಯೇ ನಷ್ಟಕ್ಕೆ ಬಿದ್ದಿದ್ದರೆ ಅದು ಮೋಸ ಅನ್ನಿಸಿಕೊಳ್ಳುವುದಿಲ್ಲ, ವ್ಯವಹಾರದ ಜಗಳ ಅನ್ನಿಸಿಕೊಳ್ಳುತ್ತದೆ. ಆಗ ನೇರವಾಗಿ ಬ್ರೀಡರ್‌ನಿಂದಲೇ ವಸೂಲಿ ಮಾಡಬೇಕು. ನಗದು ಕೊಟ್ಟವರಿಗೂ ಇದೇ ದಾರಿ, ರಸೀದಿ ಅಥವಾ ಮೆಸೇಜ್ ಏನಿದ್ದರೂ ಜೋಪಾನ.

'ಅಡ್ವಾನ್ಸ್ ವಾಪಸ್ ಇಲ್ಲ' ಅಂತ ಚೀಟಿಯಲ್ಲಿ ಬರೆದಿದ್ದರೆ ಹೆದರಬೇಡಿ. ನೀವು ಮನಸ್ಸು ಬದಲಿಸಿದ್ದರೆ ಅದು ಬೇರೆ ಮಾತು. ವ್ಯಾಪಾರ ಮಾಡುವ ಬ್ರೀಡರ್ ತಾವೇ ಮರಿ ಕೊಡದೆ ದುಡ್ಡು ಮಾತ್ರ ಇಟ್ಟುಕೊಳ್ಳುತ್ತೇನೆ ಅಂದರೆ, ಅಂಥ ಷರತ್ತು 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಮುಂದೆ ನಿಲ್ಲುವುದು ಕಷ್ಟ.

ಕೋರ್ಟಿಗೆ ಹೋಗುವ ಮುಂಚೆ ಅವರ ಸ್ಥಿತಿ ನೋಡಿ. ಕಂಪನಿಯಾದರೆ ಕಂಪನೀಸ್ ಹೌಸ್ (ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿ) ವೆಬ್‌ಸೈಟಿನಲ್ಲಿ, ಒಬ್ಬ ವ್ಯಕ್ತಿಯಾದರೆ ದಿವಾಳಿಯಾದವರ ಪಟ್ಟಿಯಾದ ಇನ್‌ಸಾಲ್ವೆನ್ಸಿ ರಿಜಿಸ್ಟರಿನಲ್ಲಿ ಪುಕ್ಕಟೆ ಹುಡುಕಬಹುದು. ಕಂಪನಿ ಲಿಕ್ವಿಡೇಶನ್‌ಗೆ (ಮುಚ್ಚಿ, ಆಸ್ತಿ ಮಾರಿ ಸಾಲ ತೀರಿಸುವುದು) ಹೋಗಿದ್ದರೆ ಅದನ್ನು ನಡೆಸುವ ಲಿಕ್ವಿಡೇಟರ್‌ಗೆ, ವ್ಯಕ್ತಿ ದಿವಾಳಿಯಾಗಿದ್ದರೆ ಅವರ ಆಸ್ತಿ ನೋಡಿಕೊಳ್ಳುವ ಅಫಿಶಿಯಲ್ ರಿಸೀವರ್ (ಸರ್ಕಾರಿ ಅಧಿಕಾರಿ) ಅಥವಾ ಟ್ರಸ್ಟಿಗೆ ನಿಮ್ಮ ಬಾಕಿ ಬರೆದು ಕಳಿಸಿ. ಸಾಲಿನಲ್ಲಿ ನೀವು ಹಿಂದೆ ಇರುತ್ತೀರಿ. ಅಡಮಾನ ಇಟ್ಟುಕೊಂಡವರು, ಕೆಲಸಗಾರರ ಬಾಕಿ ಸಂಬಳ, ಒಂದಷ್ಟು ತೆರಿಗೆ ಎಲ್ಲ ಮುಂದೆ. ಪೂರ್ತಿ ದುಡ್ಡು ಬರುವ ನಂಬಿಕೆ ಇಟ್ಟುಕೊಳ್ಳಬೇಡಿ, ಆದರೂ ಹೆಸರು ಬರೆಸಿ.

ದಿವಾಳಿ ಆಗಿಲ್ಲ, ಬರೀ ಕೈ ಬಿಗಿ ಅಂದರೆ ಒಂದು ಪತ್ರ ಬರೆಯಿರಿ. ಎಷ್ಟು ಕೊಟ್ಟಿರಿ, ಯಾವ ದಿನ, 14 ದಿನದಲ್ಲಿ ವಾಪಸ್ ಕೊಡದಿದ್ದರೆ ಕೋರ್ಟಿಗೆ ಹೋಗುತ್ತೇನೆ, ಇಷ್ಟು ಸಾಕು. ಒಟ್ಟಿಗೆ ಕೊಡಲು ಆಗಲ್ಲ, ಕಂತಿನಲ್ಲಿ ಕೊಡುತ್ತೇನೆ ಅಂದರೆ ಒಪ್ಪುವುದೇ ಲೇಸು ಅಂತ ನನ್ನ ಅಭಿಪ್ರಾಯ, ಬರಹದಲ್ಲಿ ಇರಬೇಕು ಅಷ್ಟೇ. ಗಂಗಾವತಿಯ ಅಕ್ಕಿ ವ್ಯಾಪಾರದ ಬಾಕಿಗೆ ಹಿರಿಯರನ್ನು ಕೂರಿಸಿದ ಹಾಗೆ ನಾಲ್ಕು ಜನರನ್ನು ಕಟ್ಟಿಕೊಂಡು ಅವರ ಮನೆ ಮುಂದೆ ಹೋಗಿ ನಿಲ್ಲಬೇಡಿ. ಅಲ್ಲಿ ಅದನ್ನು ಕಿರುಕುಳ ಅನ್ನುತ್ತಾರೆ, ಪೊಲೀಸರು ನಿಮ್ಮನ್ನೇ ಕೇಳುತ್ತಾರೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. 'ಉಳಿದ ದುಡ್ಡೂ ಈಗಲೇ ಹಾಕಿ, ನಾಯಿಗಳ ಊಟಕ್ಕೆ ಬೇಕು' ಅಂದರೆ ಹಾಕಬೇಡಿ. 'ಆರು ವಾರಕ್ಕೇ ಮರಿ ಕರ್ಕೊಂಡು ಹೋಗಿ' ಅಂದರೂ ಬೇಡ. ಲೈಸೆನ್ಸ್ ಇರುವ ಬ್ರೀಡರ್ 8 ವಾರಕ್ಕಿಂತ ಮುಂಚೆ ಮರಿ ಮಾರುವಂತಿಲ್ಲ, ಅಷ್ಟು ಬೇಗ ತಾಯಿಯಿಂದ ಬಿಡಿಸಿದರೆ ಆ ಜೀವಕ್ಕೆ ಒಳ್ಳೆಯದಲ್ಲ. ಬೇರೆ ಯಾರದೋ ಮರಿ ತಂದು ಕೈಗೆ ಕೊಟ್ಟರೂ ಒಪ್ಪಬೇಡಿ. 2020ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ 6 ತಿಂಗಳ ಒಳಗಿನ ಮರಿಗಳನ್ನು ವ್ಯಾಪಾರಕ್ಕಾಗಿ ಮೂರನೆಯವರು ಮಾರುವ ಹಾಗಿಲ್ಲ. ಬ್ರೀಡರ್ ಹತ್ತಿರ ನಾಯಿಗಳು ಹಸಿದಿವೆ, ಯಾರೂ ನೋಡುತ್ತಿಲ್ಲ ಅನಿಸಿದರೆ ದುಡ್ಡಿನ ವಿಷಯ ಪಕ್ಕಕ್ಕಿಟ್ಟು ಮೊದಲು ಸ್ಥಳೀಯ ಕೌನ್ಸಿಲ್‌ಗೋ ಪ್ರಾಣಿ ದಯಾ ಸಂಸ್ಥೆಯಾದ ಆರ್‌ಎಸ್‌ಪಿಸಿಎಗೋ ಹೇಳಿ. ಸುಮ್ನೆ ಬಿಡಬೇಡಿ.

ಪತ್ರಕ್ಕೆ ಉತ್ತರ ಬರದಿದ್ದರೆ ಆನ್‌ಲೈನಿನಲ್ಲೇ ಸ್ಮಾಲ್ ಕ್ಲೇಮ್ (ಸಣ್ಣ ಮೊತ್ತದ ಕೋರ್ಟ್ ಕೇಸ್) ಹಾಕಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡ್ ತನಕ ಈ ದಾರಿ ಇದೆ, ವಕೀಲರು ಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಪದ್ಧತಿ ಬೇರೆ, ಮಿತಿ 5,000 ಪೌಂಡ್. ಬ್ರೀಡರ್ ಗಡುವಿನಲ್ಲಿ ಉತ್ತರ ಕೊಡದಿದ್ದರೆ ತೀರ್ಪು ತಾನಾಗಿ ಬರುವುದಿಲ್ಲ, ನೀವೇ ಕೇಳಬೇಕು. ತೀರ್ಪು ಬಂದ ಮೇಲೂ ವಸೂಲಿಗೆ ಬೇರೆ ಫೀಸ್ ಇರುತ್ತದೆ, ಅದಕ್ಕೇ ಏನೂ ಇಲ್ಲದವರ ಮೇಲೆ ಕೇಸ್ ಹಾಕಿ ಮತ್ತಷ್ಟು ಕಳೆದುಕೊಳ್ಳಬೇಡಿ.

ರಾಯಚೂರಿಗೋ ಕೊಪ್ಪಳಕ್ಕೋ ಖಾಯಂ ವಾಪಸ್ ಬರುವವರು ಹೊರಡುವ ಮುಂಚೆಯೇ ಕ್ಲೇಮ್ ಹಾಕಿಬಿಡಿ. ಆನ್‌ಲೈನ್ ಕ್ಲೇಮಿಗೆ ಆ ದೇಶದ ವಿಳಾಸ ಬೇಕಾಗುತ್ತದೆ, ನಂಬಿಕೆಯ ಸ್ನೇಹಿತರನ್ನು ಕೇಳಿ ಅವರ ವಿಳಾಸ ಕೊಡಿ, ಬಂದ ಕಾಗದದ ಫೋಟೋ ಅದೇ ದಿನ ಕಳಿಸಲು ಹೇಳಿ.