ನಾಗಬನದ ಇಂಟರ್‌ಲಾಕ್ ಕಿತ್ತು ಗಿಡ ನೆಟ್ಟಿದ್ದು

ನಮ್ಮ ಕುಟುಂಬದ ಮೂಲ ನಾಗಬನ, ಅಂದರೆ ನಾಗನ ಕಲ್ಲಿರುವ ಮರಗಳ ತೋಪು, ಉಡುಪಿ ಕಡೆಯ ಒಂದು ಹಳ್ಳಿಯಲ್ಲಿದೆ. ಜಾಗ ಹತ್ತು ಸೆಂಟ್ಸ್ ಕೂಡ ಇಲ್ಲ. ಕೆಲವು ವರ್ಷಗಳ ಹಿಂದೆ ಅದಕ್ಕೆ ಜೀರ್ಣೋದ್ಧಾರ ಆಯಿತು. ಮುಂಬೈ, ದುಬೈಯಲ್ಲಿ ಇರುವವರೆಲ್ಲ ಧಾರಾಳವಾಗಿ ದುಡ್ಡು ಕಳಿಸಿದರು. ಹಾಲೆ, ರಂಜೆ, ಕಾಸರಕದ ಮರಗಳೆಲ್ಲ ಹೋದವು. ನಾಗನ ಕಲ್ಲಿನ ಕಟ್ಟೆಗೆ ಗ್ರಾನೈಟ್ ಬಂತು, ಸುತ್ತ ಇಂಟರ್‌ಲಾಕ್, ಅದರಾಚೆ ಕಾಂಪೌಂಡು. ಫೋಟೋದಲ್ಲಿ ಚೊಕ್ಕವಾಗಿ ಕಾಣುತ್ತಿತ್ತು. ಬೇಸಿಗೆಯಲ್ಲಿ ನಾಗನ ತಂಬಿಲ ಪೂಜೆಗೆ ಬಂದವರು ಮಾತ್ರ ಬರಿಗಾಲಲ್ಲಿ ನಿಲ್ಲಲಾಗದೆ ಗೋಣಿ ಹಾಸಿಕೊಳ್ಳುತ್ತಿದ್ದರು.

ಕೊಡಗಿನಲ್ಲಿ 1,214 ದೇವರಕಾಡುಗಳಿವೆ. ಅವಕ್ಕೆ ಸರ್ಕಾರದ ಲೆಕ್ಕವಿದೆ, ಅರಣ್ಯ ಇಲಾಖೆ ಇದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನದ ದೇವರ ಬನಗಳನ್ನೂ ಗುರುತಿಸಿ ಕಾಪಾಡಿ ಎಂದಿತು. ನಮ್ಮದು ಪಟ್ಟಾ ಜಾಗದ ಮೂಲೆ. ಇಲ್ಲಿಗೆ ಯಾವ ಇಲಾಖೆ ಬರುತ್ತದೆ? ಇದನ್ನು ಇಷ್ಟು ಕಾಲ ಕಾಪಾಡಿದ್ದು ಒಂದೇ ಮಾತು: ಬನಕ್ಕೆ ಕತ್ತಿ ಹಾಕಬಾರದು. ಅದು ಹೆದರಿಕೆಯೇ, ಸುಳ್ಳು ಯಾಕೆ ಹೇಳಲಿ. ಆಮೇಲೆ ಇನ್ನೊಂದು ಹೆದರಿಕೆ ಬಂತು. ಎಲೆ ಬಿದ್ದರೆ ನಾಗನಿಗೆ ಅಶುದ್ಧ, ಕೊಂಬೆ ಬಿದ್ದರೆ ದೋಷ. ಹೊಸ ಹೆದರಿಕೆಗೆ ಹಳೆಯದು ಸೋತಿತು, ಅಷ್ಟೇ.

ಹಾಗಾಗಿ ನಾನು ಮನೆಯವರ ಮುಂದೆ ಪರಿಸರದ ಭಾಷಣ ಮಾಡಲು ಹೋಗಲಿಲ್ಲ. ಸೀದಾ ತಂತ್ರಿಗಳ ಹತ್ತಿರ ಹೋದೆ. "ಭಟ್ರೇ, ನಾಗನಿಗೆ ನೆರಳು ಬೇಕೋ, ನೆಲಕ್ಕೆ ಕಲ್ಲು ಬೇಕೋ?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ಬನ ಅಂದ ಮೇಲೆ ಮರ ಇಲ್ಲದೆ ಹೇಗೆ ಮಾರಾಯ? ಇಂಟರ್‌ಲಾಕ್ ಹಾಕಿ ಅಂತ ನಾವೇನು ಹೇಳಿರಲಿಲ್ಲ" ಎಂದರು. ಆ ಮಾತನ್ನು ಚಿಕ್ಕಪ್ಪನ ಎದುರಲ್ಲೇ ಹೇಳಿಸಿದೆ. ಇಲ್ಲದಿದ್ದರೆ ಕೆಲಸ ಆಗುತ್ತಿರಲಿಲ್ಲ.

ಕಟ್ಟೆಯನ್ನು ನಾವು ಮುಟ್ಟಲಿಲ್ಲ. ಅದನ್ನು ಕದಲಿಸಬೇಕಾದರೆ ಕಲಾ ಸಂಕೋಚ (ಕಲ್ಲಿನ ದೈವಶಕ್ತಿಯನ್ನು ಕಲಶಕ್ಕೆ ಇಳಿಸುವ ವಿಧಿ), ಮತ್ತೆ ಪ್ರತಿಷ್ಠೆ ಎಂದು ದೊಡ್ಡ ಖರ್ಚು. ಸುತ್ತಿನ ನೆಲ ಬಿಡಿಸಲು ಒಂದು ಪ್ರಾರ್ಥನೆ ಸಾಕಾಯಿತು. ಕಟ್ಟೆಗೆ ಸುತ್ತು ಬರುವಷ್ಟು ದಾರಿ ಬಿಟ್ಟು ಉಳಿದ ಇಂಟರ್‌ಲಾಕ್ ಎಬ್ಬಿಸಿದೆವು. ಕೆಳಗೆ ಜಲ್ಲಿಪುಡಿ ಗಟ್ಟಿಯಾಗಿ ಕೂತಿತ್ತು, ಒಂದು ಎರೆಹುಳವೂ ಇಲ್ಲ. ಅದನ್ನು ಗುದ್ದಲಿಯಲ್ಲಿ ಕೆರೆದು ತೆಗೆದು, ಹಾಡಿಯಿಂದ, ಅಂದರೆ ಊರ ಸಣ್ಣ ಕಾಡಿನಿಂದ, ತರಗೆಲೆ, ಮಣ್ಣು ತಂದು ದಪ್ಪಕ್ಕೆ ಹರಡಿದೆವು. ಒಂದು ಮಳೆಗಾಲ ಏನೂ ನೆಡದೆ ಸುಮ್ನೆ ಬಿಟ್ಟೆವು. ನನ್ನ ಮಟ್ಟಿಗೆ ಇದೇ ಮುಖ್ಯ ಕೆಲಸ. ಗಿಡ ನೆಟ್ಟು ಫೋಟೋ ತೆಗೆಯುವ ಅವಸರದಲ್ಲಿ ಜಾಸ್ತಿ ಜನ ಇದನ್ನು ಬಿಟ್ಟುಬಿಡುತ್ತಾರೆ.

ಮರುವರ್ಷ ಜೂನಿನಲ್ಲಿ ಹಾಲೆ, ರಂಜೆ, ಹೊನ್ನೆ ನೆಟ್ಟೆವು. ಅಂಚಿಗೆ ಕೇಪುಳ. ಬೇಗ ಬರುತ್ತದೆಂದು ಅಕೇಶಿಯಾ ತಂದುಕೊಡಲು ಒಬ್ಬರು ಸಿದ್ಧರಿದ್ದರು, ಕೈಮುಗಿದು ಬೇಡ ಎಂದೆ. ಸುರಗಿ, ನಾಗಸಂಪಿಗೆಯನ್ನು ಕೂಡಲೇ ನೆಡಲಿಲ್ಲ. ಅವು ನಿಧಾನದ ಮರಗಳು. ನಾಗಸಂಪಿಗೆಯ ಸಸಿಗೆ ಚಿಕ್ಕಂದಿನಲ್ಲಿ ನೆರಳು ಬೇಕು. ಹಾಲೆ ಆಳೆತ್ತರ ದಾಟಿದ ಮೇಲೆ ಅದರ ಬುಡದ ಬಳಿ ಇಟ್ಟೆವು. ನಾಗಸಂಪಿಗೆಯ ಬೀಜ ಎಣ್ಣೆಬೀಜ, ಇಟ್ಟರೆ ಕೆಡುತ್ತದೆ. ಬಿದ್ದ ವಾರದೊಳಗೆ ಮಣ್ಣಿಗೆ ಹಾಕಿ.

ಮಾರ್ಚಿನಿಂದ ಮೇ ತನಕ ನೀರು ಹಾಕುವ ಪಾಳಿ ಹಂಚಿಕೊಂಡೆವು. ಗುಡಿಸುವುದು ದಾರಿಯನ್ನು ಮಾತ್ರ. ಎಲೆ ಬಿದ್ದಲ್ಲೇ ಕೊಳೆಯಲಿ.

ಪಂಚಮಿಯದ್ದು ಬೇರೆಯೇ ಕಥೆ. ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಅರಿಶಿನ ಪುಡಿಯ ತೊಟ್ಟೆ, ಊದುಬತ್ತಿಯ ಕವರು, ಎಲ್ಲವೂ ಬನದಲ್ಲೇ ಬೀಳುತ್ತಿತ್ತು. ಈಗ ಮನೆಯಿಂದ ಲೋಟದಲ್ಲಿ ಹಾಲು ತನ್ನಿ ಎಂದಿದ್ದೇವೆ. ನಾಗನ ಕಲ್ಲಿಗೆ ಸೌಟಿನಷ್ಟು ಎರೆದು ಉಳಿದದ್ದು ಪಾಯಸಕ್ಕೆ. ಹಾವು ಹಾಲು ಕುಡಿಯುವುದಿಲ್ಲ ಎಂದು ವಾದ ಮಾಡಲಿಲ್ಲ, ಪಾಯಸ ಎಂದ ಮೇಲೆ ಯಾರೂ ತಕರಾರು ಎತ್ತಲಿಲ್ಲ. ಅರಿಶಿನ ಹಿತ್ತಲಿನದ್ದು, ಮನೆಯಲ್ಲೇ ಒಣಗಿಸಿ ಪುಡಿ ಮಾಡಿದ್ದು. ಅದೇ ಗಿಡದ ಎಲೆ ಅವತ್ತಿನ ಗಟ್ಟಿಗೂ (ಎಲೆಯಲ್ಲಿ ಬೇಯಿಸುವ ಕಡುಬಿಗೂ) ಆಯಿತಲ್ವಾ!

ಆಗದ ಕೆಲಸವೂ ಇದೆ. ಸತ್ತ ನಾಗರ ಹಾವು ಸಿಕ್ಕರೆ ನಮ್ಮವರು ಸಂಸ್ಕಾರ ಮಾಡುತ್ತಾರೆ. ಅದೇ ಕನ್ನಡಿ ಹಾವು, ಕೇರೆ ಹಾವು ಕಂಡರೆ ದೊಣ್ಣೆ ಹುಡುಕುತ್ತಾರೆ. ಬನದೊಳಗಿನ ಜೀವವೆಲ್ಲ ನಾಗನ ಲೆಕ್ಕಕ್ಕೇ ಸೇರಿದ್ದು ಎಂದು ಹೇಳಿ ನೋಡಿದೆ. ಚಿಕ್ಕಪ್ಪ ಅರ್ಧಕ್ಕೆ ಒಪ್ಪಿದ್ದಾರೆ: ಬನದ ಒಳಗೆ ಮುಟ್ಟುವುದಿಲ್ಲವಂತೆ, ಅಂಗಳಕ್ಕೆ ಬಂದರೆ ಬಿಡುವುದಿಲ್ಲವಂತೆ. ಹಾವು ಹಿಡಿಯುವವರ ನಂಬರನ್ನು ಅವರ ಫೋನಿಗೆ ಹಾಕಿಕೊಟ್ಟಿದ್ದೇನೆ.