ಇಮಿಗ್ರೇಷನ್ ಕೌಂಟರ್‌ಗೆ ತಯಾರಿ ತೀರ್ಥಹಳ್ಳಿಯಲ್ಲೇ ಶುರು

ಅಡಿಕೆ ಕೊಯ್ಲು ಮುಗಿದು ಮಾಲು ಮಂಡಿ ಸೇರಿತು ಅಂದರೆ ನಮ್ಮ ಕಡೆ ಪ್ರವಾಸದ ಮಾತು ಶುರು. ಮೊದಲೆಲ್ಲ ಕಾಶಿ, ರಾಮೇಶ್ವರ. ಈಗ ಮಲೇಷ್ಯಾ, ಥಾಯ್ಲೆಂಡ್, ಇಲ್ಲವೇ ಮಗಳಿರುವ ಜರ್ಮನಿ. ಶಿವಮೊಗ್ಗದ ಸೋಗಾನೆಗೆ ವಿಮಾನ ಬಂದಿದೆ ನಿಜ, ಆದರೆ ಅಲ್ಲಿಂದ ಹಾರುವುದು ದೇಶದೊಳಗೆ ಮಾತ್ರ. ಇಮಿಗ್ರೇಷನ್‌ಗೆ, ಅಂದರೆ ದೇಶ ದಾಟುವಾಗಿನ ಪಾಸ್‌ಪೋರ್ಟ್ ತಪಾಸಣೆಗೆ, ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು. ಅಲ್ಲಿ ನಿಂತ ಮೇಲೆ ಒಂದು ಕಾಗದ ಕಡಿಮೆ ಅಂತ ಗೊತ್ತಾದರೆ ತೀರ್ಥಹಳ್ಳಿಗೆ ಓಡಿ ಬಂದು ತರಲಾಗುತ್ತದಾ?

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಹೋಗುವ ದೇಶಕ್ಕೆ ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಲಿ. ಆಮೇಲೆ ಹೆಸರು. ನಮ್ಮಲ್ಲಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಬಹಳ ಜನಕ್ಕೆ ಇಲ್ಲ. ಜರ್ಮನಿಗೆ ಮಗಳ ಮನೆಗೆ ಹೊರಟಿದ್ದ ನಮ್ಮ ಅತ್ತೆಯ ಪಾಸ್‌ಪೋರ್ಟ್‌ನಲ್ಲೂ ಸರ್‌ನೇಮ್ ಜಾಗ ಖಾಲಿ ಇತ್ತು. ಟಿಕೆಟ್ ಮಾಡಿಕೊಟ್ಟವರು ಸುಮ್ನೆ ಮಾವನ ಹೆಸರು ಸೇರಿಸಿಬಿಟ್ಟಿದ್ದರು. ಹೊರಡುವ ಹಿಂದಿನ ವಾರ ಅದನ್ನು ಸರಿ ಮಾಡಿಸುವಷ್ಟರಲ್ಲಿ ಸಾಕಾಯಿತು. ಟಿಕೆಟ್‌ನಲ್ಲಿ, ವೀಸಾದಲ್ಲಿ, ಪಾಸ್‌ಪೋರ್ಟ್‌ನಲ್ಲಿ ಒಂದೊಂದು ಅಕ್ಷರವೂ ಒಂದೇ ಥರ ಇರಬೇಕು. ದುಬೈ ಕಡೆ ಹೋಗುವವರು ಇನ್ನೂ ಜಾಸ್ತಿ ಗಮನ ಕೊಡಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದರೆ ಅಲ್ಲಿ ಟೂರಿಸ್ಟ್ ವೀಸಾಕ್ಕೆ ತೊಡಕು ಎಂಬ ನಿಯಮ 2022ರ ನವೆಂಬರ್‌ನಲ್ಲಿ ಬಂತು.

ಹತ್ತನೇ ಕ್ಲಾಸ್ ಪಾಸಾಗದ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು) ಎಂದಿದ್ದರೆ ಹೆದರಬೇಡಿ. ಕೆಲಸಕ್ಕಲ್ಲ, ಸುತ್ತಾಡಲು ಹೋಗುವುದು ಎಂದು ತೋರಿಸಲು ರಿಟರ್ನ್ ಟಿಕೆಟ್ ಕೈಯಲ್ಲಿಟ್ಟುಕೊಳ್ಳಿ. 50 ವರ್ಷ ದಾಟಿದವರು ಆ ಗುರುತನ್ನೇ ತೆಗೆಸಿಕೊಳ್ಳಬಹುದು.

ಇನ್ನು ವೀಸಾ. ಮಲೇಷ್ಯಾ 2026ರ ಕೊನೆಯವರೆಗೆ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಇರಲು ಬಿಡುತ್ತದೆ. ಆದರೆ ಅಲ್ಲಿ ಇಳಿಯುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಥಾಯ್ಲೆಂಡ್, ಸಿಂಗಪುರಕ್ಕೂ ಇಂಥದ್ದೇ ಕಾರ್ಡ್ ಇದೆ. ಮೂರೂ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ಸಿಂಗಪುರಕ್ಕೆ ಕಾರ್ಡ್ ಜೊತೆ ವೀಸಾ ಕೂಡ ಬೇಕು.

ಯುರೋಪಿನ ಷೆಂಗೆನ್ ವೀಸಾಕ್ಕೆ (ಜರ್ಮನಿ ಸೇರಿ ಅಲ್ಲಿನ ಹಲವು ದೇಶಗಳಿಗೆ ಒಂದೇ ವೀಸಾ) ಕೆಲಸ ಜಾಸ್ತಿ. ಅರ್ಜಿಯನ್ನು ಆರು ತಿಂಗಳ ಮೊದಲೇ ಹಾಕಬಹುದು, ಕೊನೆಯ 15 ದಿನದವರೆಗೆ ಕಾಯಬೇಡಿ. 30,000 ಯೂರೋ ವೆಚ್ಚ ಭರಿಸುವ ಇನ್ಶೂರೆನ್ಸ್ ಕಡ್ಡಾಯ. ಕೃಷಿಕರು ಎಡವುವುದು ಆದಾಯದ ದಾಖಲೆಯಲ್ಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಬಹಳ ಜನ ರಿಟರ್ನ್ಸ್ ಹಾಕಿರುವುದಿಲ್ಲ. ನಾವು ಅತ್ತೆಯ ಹೆಸರಿನ ಪಹಣಿ, ಅಡಿಕೆ ಮಾರಿದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟೆವು. ಪಹಣಿ ಕನ್ನಡದಲ್ಲಿರುತ್ತದೆ, ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಮಾಡಿಸಿದೆವು. ಎಷ್ಟು ಸಾಹುಕಾರರು ಅನ್ನುವುದಕ್ಕಿಂತ, ತೋಟ ಬಿಟ್ಟು ಅಲ್ಲೇ ಉಳಿಯುವವರಲ್ಲ ಅನ್ನುವುದು ವೀಸಾ ಕೊಡುವವರಿಗೆ ಮನದಟ್ಟಾಗಬೇಕು.

ವೀಸಾ ಸ್ಟಿಕರ್ ಕೈಗೆ ಬಂದಾಗ ಕನ್ನಡಕ ಹಾಕಿಕೊಂಡು ಓದಿ. ಅದರಲ್ಲಿ ಎರಡು ತಾರೀಕು ಇರುತ್ತವೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ. ಅಷ್ಟೂ ದಿನ ಇರಬಹುದು ಅಂದುಕೊಳ್ಳಬೇಡಿ. ಪಕ್ಕದಲ್ಲಿ ‘ಡ್ಯುರೇಶನ್ ಆಫ್ ಸ್ಟೇ’ ಎಂಬ ಬೇರೆ ಸಂಖ್ಯೆ ಇರುತ್ತದೆ. ಅತ್ತೆಯ ಸ್ಟಿಕರ್‌ನಲ್ಲಿ ತಾರೀಕುಗಳ ನಡುವೆ 45 ದಿನ ಇತ್ತು, ಉಳಿಯಲು ಅನುಮತಿ 30 ದಿನಕ್ಕೆ ಮಾತ್ರ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಪದೇ ಪದೇ ಹೋಗುವವರಿಗೆ ಮಿತಿ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ.

ಹೊರಡುವ ದಿನ ರಾತ್ರಿ ಬಸ್ ಮೆಜೆಸ್ಟಿಕ್ ತಲುಪಿದರೂ ದೇವನಹಳ್ಳಿ ಕಡೆಗೆ ಇನ್ನೊಂದು ಗಂಟೆ ಇಟ್ಟುಕೊಳ್ಳಿ. ಒಳಗೆ ಮೊದಲು ವಿಮಾನ ಕಂಪನಿಯ ಕೌಂಟರ್. ವೀಸಾ ನೋಡುವುದು ಮೊದಲು ಅವರೇ, ಯಾಕೆಂದರೆ ಆ ದೇಶ ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಹೊಣೆ ಅವರದ್ದು. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹಾಕಿ, ಒಣ ಕೊಬ್ಬರಿ ಮನೆಯಲ್ಲೇ ಬಿಡಿ. ಬೆಂಕಿ ಹತ್ತುತ್ತದೆ ಎಂದು ಅದನ್ನು ವಿಮಾನಕ್ಕೆ ಬಿಡುವುದಿಲ್ಲ. ಆಮೇಲೆ ಇಮಿಗ್ರೇಷನ್. ಭಾರತೀಯರು ಇಲ್ಲಿ ಫಾರ್ಮ್ ತುಂಬುವುದು 2017ರಲ್ಲೇ ನಿಂತಿದೆ. ಎಲ್ಲಿಗೆ, ಎಷ್ಟು ದಿನ, ಯಾರ ಮನೆಗೆ ಎಂದು ಕೇಳಿದರೆ ಇದ್ದದ್ದನ್ನು ಚಿಕ್ಕದಾಗಿ ಹೇಳಿ.

ಫ್ರಾಂಕ್‌ಫರ್ಟ್‌ನಲ್ಲಿ ಅಧಿಕಾರಿ ಏನೋ ಕೇಳಿದಾಗ ಅತ್ತೆಗೆ ಅರ್ಥವಾಗಲಿಲ್ಲವಂತೆ. ನಾವು ಪ್ಲಾಸ್ಟಿಕ್ ಫೈಲಿನಲ್ಲಿ ಮೇಲೆ ರಿಟರ್ನ್ ಟಿಕೆಟ್, ಅದರ ಕೆಳಗೆ ಮಗಳ ಪತ್ರ, ವಿಳಾಸ, ಫೋನ್ ನಂಬರ್, ಆಮೇಲೆ ಇನ್ಶೂರೆನ್ಸ್ ಜೋಡಿಸಿಟ್ಟಿದ್ದೆವು. ಅವರು ಫೈಲನ್ನೇ ಮುಂದಿಟ್ಟರು. ಅಧಿಕಾರಿ ಮೊದಲ ಎರಡು ಹಾಳೆ ನೋಡಿ ಒಳಗೆ ಬಿಟ್ಟರು.

ಥಾಯ್ಲೆಂಡ್‌ನಂಥ ಕಡೆ ಪಾಸ್‌ಪೋರ್ಟಿಗೆ ಸೀಲ್ ಒತ್ತಿದ ಕೂಡಲೇ, ಕೌಂಟರ್ ಬಿಡುವ ಮೊದಲು ಓದಿಕೊಳ್ಳಿ. ಎಂದಿನವರೆಗೆ ಇರಬಹುದು ಎಂದು ಅದರಲ್ಲೇ ಬರೆದಿರುತ್ತಾರೆ. ಅದು ದಾಟಿದರೆ ಅಲ್ಲಿ ದಿನಕ್ಕೆ 500 ಬಾತ್ ದಂಡ. ತಾರೀಕು ತಪ್ಪಾಗಿ ಬಿದ್ದಿದ್ದರೆ ಅಲ್ಲೇ, ಆಗಲೇ ಕೇಳಿ ಸರಿ ಮಾಡಿಸಿಕೊಳ್ಳಿ.