ಯುರೋಪಿನಲ್ಲಿ ಫೋನ್ ಕೊಳ್ಳುವಾಗ ಡಬ್ಬಿ ಓದುವುದು ಹೀಗೆ

ನಾನಿರುವುದು ಮ್ಯೂನಿಕ್‌ನಲ್ಲಿ. ಊರಿಂದ ಓದಲು ಬರುವ ಹುಡುಗರದು ಒಂದೇ ಪ್ರಶ್ನೆ: "ಅಣ್ಣಾ, ಯಾವ ಚಾರ್ಜರ್ ತಗೊಳ್ಲಿ?"

ಮೊದಲು ಮನೆಯಲ್ಲಿ ಏನಿದೆ ನೋಡಿ. 2024ರ ಡಿಸೆಂಬರ್ 28ರಿಂದ ಯುರೋಪ್ ಒಕ್ಕೂಟದಲ್ಲಿ ಮಾರುವ ಹೊಸ ಫೋನಿಗೆಲ್ಲ ಟೈಪ್-ಸಿ ಕಡ್ಡಾಯ. ಚಾರ್ಜರ್ ಇಲ್ಲದ ಡಬ್ಬಿಯನ್ನೂ ಕೊಡಲೇಬೇಕು. ಸುಮ್ನೆ ಇನ್ನೊಂದಕ್ಕೆ ದುಡ್ಡು ಯಾಕೆ?

ಆಮೇಲೆ ಡಬ್ಬಿ ತಿರುಗಿಸಿ. ಪ್ಲಗ್‌ನ ಚಿತ್ರದ ಮೇಲೆ ಅಡ್ಡಗೆರೆ ಇದ್ದರೆ ಒಳಗೆ ಚಾರ್ಜರ್ ಇಲ್ಲ. ಇನ್ನೊಂದು ಚಿತ್ರದಲ್ಲಿ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಫೋನಿಗೆ ಬೇಕಾದ ಕನಿಷ್ಠ ವ್ಯಾಟ್, ಎರಡನೆಯದು ಪೂರ್ತಿ ವೇಗಕ್ಕೆ ಬೇಕಾದ್ದು. 'ಯುಎಸ್‌ಬಿ ಪಿಡಿ' (ಪವರ್ ಡೆಲಿವರಿ, ಎಲ್ಲ ಕಂಪನಿಗಳೂ ಬಳಸಬಹುದಾದ ವೇಗದ ಚಾರ್ಜಿಂಗ್ ಪದ್ಧತಿ) ಎಂದಿದ್ದರೆ ಯಾವ ಕಂಪನಿಯ ಒಳ್ಳೆಯ ಪಿಡಿ ಚಾರ್ಜರ್ ಆದರೂ ನಡೆಯುತ್ತದೆ. 25 ವ್ಯಾಟಿನ ಫೋನಿಗೆ 65ರ ಚಾರ್ಜರ್ ಹಾಕಿದರೂ ಹೆದರಬೇಡಿ. ಫೋನ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಐಫೋನ್ ಆದರೆ ಕೆಳಗಿನ ತೂತು ನೋಡಿಯೇ ದುಡ್ಡು ಕೊಡಿ. ಐಫೋನ್ 14ರವರೆಗೆ ಆಪಲ್‌ನದೇ ಆದ ಲೈಟ್ನಿಂಗ್ ತೂತು, 15ರಿಂದ ಟೈಪ್-ಸಿ.

ಲ್ಯಾಪ್‌ಟಾಪಿಗೆ ಈ ಕಾನೂನು 2026ರ ಏಪ್ರಿಲ್ 28ರಿಂದ. ಅದಕ್ಕೆ ವ್ಯಾಟ್ ಜಾಸ್ತಿ ಬೇಕು. 60 ದಾಟಿದರೆ ಕೇಬಲ್ ಕೂಡ ಅಷ್ಟು ತಡೆಯುವಂಥದ್ದೇ ಇರಲಿ.